ಹಳೆಯ ಆರ್‌ಎಕ್ಸ್-7ಗೆ 13ಬಿ ಎಂಜಿನ್: ಅರ್ಧ ಕೆಲಸ ಮುಂದಿನ ಕವರ್‌ನಲ್ಲೇ ಇದೆ

ಡಲ್ಲಾಸ್ ಕಡೆ ನಮ್ಮ ಹುಡುಗರು ಯಾರಾದರೂ ಹಳೆಯ, ಅಂದರೆ 1985ರವರೆಗಿನ ಮೊದಲ ತಲೆಮಾರಿನ ಮಾಜ್ದಾ ಆರ್‌ಎಕ್ಸ್-7 ಕೊಂಡರೆ ಸಾಕು, ನನಗೊಂದು ಫೋನ್ ಬರುತ್ತದೆ. "ಅಣ್ಣಾ, ಇದಕ್ಕೆ ಟರ್ಬೊ ಎಂಜಿನ್ ಹಾಕ್ಬೋದಾ?" ಹಾಕಬಹುದು ಮಾರಾಯ. ಆದರೆ ಅದರ ಮೂಲ 12ಎ ರೋಟರಿ ಎಂಜಿನ್ನಿನ (ಪಿಸ್ಟನ್ ಬದಲು ತ್ರಿಕೋನದ ರೋಟರ್ ತಿರುಗುವ ಎಂಜಿನ್) ನೂರು ಕುದುರೆಶಕ್ತಿಯನ್ನು ನಂಬಿ ಮಾಡಿದ ಬ್ರೇಕು, ಗೇರ್‌ಬಾಕ್ಸು, ಡಿಫರೆನ್ಷಿಯಲ್ ಅದು. ಅವನ್ನೆಲ್ಲ ಹಾಗೇ ಬಿಟ್ಟು ಟರ್ಬೊ ಕೂರಿಸುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದ ಹಾಗೆ.

ನಾನು ಹೇಳುವುದು 1986ರಿಂದ 88ರವರೆಗಿನ ಎರಡನೇ ತಲೆಮಾರಿನ ಕಾರಿನ, ಟರ್ಬೊ ಇಲ್ಲದ 13ಬಿ, ಅದೇ ಜಾತಿಯ ದೊಡ್ಡ ಎಂಜಿನ್. 146 ಕುದುರೆಶಕ್ತಿ. ಸಾವಿರ ಕಿಲೋಗಿಂತ ಸ್ವಲ್ಪವೇ ಹೆಚ್ಚು ತೂಗುವ ಕಾರಿಗೆ ಅಷ್ಟು ಧಾರಾಳ. ಇನ್ನೊಂದು ಕಾರಣವೂ ಇದೆ. 1984-85ರ ಜಿಎಸ್‌ಎಲ್-ಎಸ್‌ಇ ಮಾದರಿಯಲ್ಲಿ ಮಾಜ್ದಾದವರೇ ಈ ಬಾಡಿಗೆ 135 ಕುದುರೆಶಕ್ತಿಯ 13ಬಿ ಹಾಕಿ ಮಾರಿದ್ದರು. ಅಂದರೆ ಬೇಕಾದ ಬಿಡಿಭಾಗಗಳಲ್ಲಿ ಬಹಳಷ್ಟು ಕಾರ್ಖಾನೆಯಿಂದಲೇ ಬಂದಿವೆ, ಹುಡುಕಬೇಕಷ್ಟೆ. 1989ರ ನಂತರದ ಎಂಜಿನ್ 160 ಕುದುರೆಶಕ್ತಿ ಕೊಡುತ್ತದೆ ನಿಜ, ಆದರೆ ಅದರ ಆಯಿಲ್ ಮೀಟರಿಂಗ್ ಪಂಪು (ಒಳಗಿನ ಸೀಲುಗಳಿಗೆ ಎಣ್ಣೆ ಹನಿಸುವ ಪಂಪು) ಎಲೆಕ್ಟ್ರಾನಿಕ್. ಅದನ್ನು ಕಿತ್ತರೆ ಮೂಲ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಮುನಿಸಿಕೊಂಡು ಎಂಜಿನ್ನನ್ನು ಕುಂಟಿಸುತ್ತದೆ. ಮೊದಲ ಸಲಕ್ಕೆ ಆ ತಲೆನೋವು ಬೇಡ.

ಎಂಜಿನ್ ಕೊಳ್ಳುವಾಗ ಮಾರುವವನ ಮಾತು ಕೇಳಬೇಡಿ, ಕಂಪ್ರೆಷನ್ (ಒಳಗೆ ಗಾಳಿ ಅದುಮಿದಾಗ ಬರುವ ಒತ್ತಡ) ಕೇಳಿ. ರೋಟರ್‌ಗೆ ಮೂರು ಮುಖ, ಮೂರಕ್ಕೂ ಬೇರೆ ಬೇರೆ ಅಂಕಿ ಬೇಕು. 250 ಆರ್‌ಪಿಎಂನಲ್ಲಿ ಒಂದೊಂದೂ ಕನಿಷ್ಠ 85 ಪಿಎಸ್‌ಐ ಇರಬೇಕು, ಮುಖಮುಖಗಳ ನಡುವಿನ ವ್ಯತ್ಯಾಸ 21 ಮೀರಬಾರದು. ರೋಟರಿಯ ವಿಶೇಷ ಮೀಟರ್ ಸಿಗದಿದ್ದರೆ ಮಾಮೂಲಿ ಗೇಜಿನ ವಾಲ್ವನ್ನು ತೆಗೆದಿಟ್ಟು ಸ್ಟಾರ್ಟರ್ ತಿರುಗಿಸಿ ಮುಳ್ಳನ್ನು ನೋಡಿ. ಮೂರು ಸಮನಾದ ಕುಣಿತ ಕಾಣಬೇಕು. ಎರಡು ಕುಣಿದು ಒಂದು ಸುಮ್ಮನಿದ್ದರೆ ರೋಟರ್ ಮೂಲೆಯ ಎಪೆಕ್ಸ್ ಸೀಲ್ ಹೋಗಿರುವ ಸಾಧ್ಯತೆಯೇ ಹೆಚ್ಚು. ಅಂಥದ್ದನ್ನು ಅಲ್ಲೇ ಬಿಟ್ಟು ಬನ್ನಿ.

ಈಗ ಮುಖ್ಯ ವಿಷಯ. ಹಳೆಯ ಕಾರಿನಲ್ಲಿ ಎಂಜಿನ್ ಮೌಂಟು ಕೂರುವುದು ಎಂಜಿನ್ನಿನ ಮುಂದಿನ ಕವರ್ ಮೇಲೆ, ಹೊಸ ಎಂಜಿನ್ನಿನಲ್ಲಿ ನಡುಭಾಗದಲ್ಲಿ. ಆದ್ದರಿಂದ 12ಎ ಅಥವಾ ಜಿಎಸ್‌ಎಲ್-ಎಸ್‌ಇ ಎಂಜಿನ್ನಿನ ಮುಂದಿನ ಕವರ್ ಬಿಚ್ಚಿ ಹೊಸದಕ್ಕೆ ಹಾಕಬೇಕು. ಕೇಳಲು ಸುಲಭ. ಆದರೆ ಪುಲ್ಲಿಯ ಮುಂದಿನ ದೊಡ್ಡ ಬೋಲ್ಟು ಸಡಿಲವಾದ ಕೂಡಲೇ ಒಳಗಿನ ಎಕ್ಸೆಂಟ್ರಿಕ್ ಶಾಫ್ಟ್ (ರೋಟರ್‌ಗಳು ತಿರುಗಿಸುವ ನಡುವಿನ ದಂಡ) ಹಿಂದಕ್ಕೆ ಜಾರಬಹುದು. ಜಾರಿದರೆ ಒಳಬದಿಯ ಥ್ರಸ್ಟ್ ಬೇರಿಂಗು, ಬಳೆಯಂಥ ತೆಳ್ಳನೆಯ ಸೂಜಿ ಬೇರಿಂಗು, ತನ್ನ ಮೆಟ್ಟಿಲಿನಿಂದ ಕೆಳಗಿಳಿದು ಓರೆಯಾಗುತ್ತದೆ. ನಿಮಗೆ ಹೊರಗಿನಿಂದ ಏನೂ ಕಾಣದು. ಹಾಗೇ ಬೋಲ್ಟು ಬಿಗಿದರೆ ಬೇರಿಂಗು ಅಪ್ಪಚ್ಚಿ, ಎಂಜಿನ್ ಮತ್ತೆ ಮೇಜಿನ ಮೇಲೆ.

ಉಪಾಯ ಇದು. ಫ್ಲೈವೀಲ್, ಅಂದರೆ ಹಿಂಬದಿಯ ಭಾರದ ಚಕ್ರ, ಇನ್ನೂ ಎಂಜಿನ್ನಿಗೆ ಬಿಗಿದಿರುವಾಗಲೇ, ಆ ಫ್ಲೈವೀಲಿನ ಮೇಲೆಯೇ ಭಾರ ಬೀಳುವಂತೆ ಮರದ ದಿಮ್ಮಿಗಳ ಮೇಲೆ ಎಂಜಿನ್ನನ್ನು ನೆಟ್ಟಗೆ ನಿಲ್ಲಿಸಿ, ಮೂತಿ ಮೇಲಕ್ಕೆ. ಎಂಜಿನ್ನಿನ ತೂಕವೇ ಕೆಳಗೆ ಒತ್ತಿ ಶಾಫ್ಟನ್ನು ಮುಂದಕ್ಕೆ ಹಿಡಿದಿಟ್ಟುಕೊಳ್ಳುತ್ತದೆ, ಬೇರಿಂಗಿಗೆ ಜಾರಲು ಜಾಗ ಇರುವುದಿಲ್ಲ. 13ಬಿಯ ಮೂಲ ಕವರ್ ತೆಗೆದು, ಹಳೆಯ ಎಂಜಿನ್ನಿನ ಕವರ್ ಜೊತೆಗೆ ಹೊಸ ಗ್ಯಾಸ್ಕೆಟ್ಟು, ಹೊಸ ಮುಂದಿನ ಸೀಲು, ಎಣ್ಣೆ ದಾರಿಯ ಓ-ರಿಂಗ್ ಹಾಕಿ. ಆ ಪುಟ್ಟ ಓ-ರಿಂಗ್ ಹಾಳಾದರೆ ಆಯಿಲ್ ಪ್ರೆಷರ್ ಸೋರಿಹೋಗುತ್ತದೆ, ಹಳೆಯದನ್ನೇ ಮತ್ತೆ ಹಾಕುವ ಜಿಪುಣತನ ಬೇಡ. ಬೋಲ್ಟು ಬಿಗಿದ ಮೇಲೆ ಡಯಲ್ ಗೇಜ್ ಇಟ್ಟು ಶಾಫ್ಟನ್ನು ಹಿಂದೆ ಮುಂದೆ ಆಡಿಸಿ ನೋಡಿ. ಆಟ 0.04ರಿಂದ 0.07 ಮಿಲಿಮೀಟರ್ ಒಳಗೆ ಇರಬೇಕು, 0.09 ದಾಟಲೇಬಾರದು. ಆಟವೇ ಇಲ್ಲದೆ ಶಾಫ್ಟ್ ಬಿಗಿಯಾಗಿದ್ದರೂ ಅನುಮಾನಪಡಿ. ಈ ಅಳತೆ ಬರುವವರೆಗೆ ಮುಂದಿನ ಹೆಜ್ಜೆ ಇಡಬೇಡಿ.

12ಎ ರೋಟರ್‌ನ ಅಗಲ 70 ಮಿಲಿಮೀಟರ್, 13ಬಿದು 80. ಎರಡು ರೋಟರ್ ಸೇರಿ ಎಂಜಿನ್ 20 ಮಿಲಿಮೀಟರ್ ಹೆಚ್ಚು ಉದ್ದ. ಹಾಗಾಗಿ ಹಳೆಯ ಆಯಿಲ್ ಪ್ಯಾನ್ ಕೂರುವುದಿಲ್ಲ, ಹಳೆಯ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ತೂತುಗಳೂ ಸೇರುವುದಿಲ್ಲ. ಎರಡನ್ನೂ ಜಿಎಸ್‌ಎಲ್-ಎಸ್‌ಇ ಕಾರಿನಿಂದ ತನ್ನಿ. ಗೇರ್‌ಬಾಕ್ಸ್ ಮೌಂಟು, ಪ್ರೊಪೆಲ್ಲರ್ ಶಾಫ್ಟಿನ ಯೋಕ್ (ಗೇರ್‌ಬಾಕ್ಸಿನೊಳಗೆ ಜಾರುವ ತುದಿ) ಎಷ್ಟು ಒಳಗೆ ಕೂರುತ್ತದೆ ಎನ್ನುವುದನ್ನು ಬಿಗಿಯುವ ಮೊದಲೇ ಅಳೆದುಕೊಳ್ಳಿ.

ಫ್ಲೈವೀಲ್ ವಿಷಯದಲ್ಲಿ ಒಂದೇ ನಿಯಮ: ಅದರ ಕೌಂಟರ್‌ವೇಟ್ (ಅದುರದಂತೆ ತೂಕ ಸರಿದೂಗಿಸುವ ಭಾರ) ಆ ಎಂಜಿನ್ನಿನ ರೋಟರ್‌ಗಳಿಗೆ ಹೊಂದಬೇಕು. 12ಎಯ ಫ್ಲೈವೀಲನ್ನು ತಂದು 13ಬಿಗೆ ಹಾಕಿದರೆ ಎಂಜಿನ್ ಅದುರಿ ಅದುರಿ ಸಾಯುತ್ತದೆ. ಫ್ಲೈವೀಲ್ ಹಿಡಿಯುವ ಹಿಂದಿನ ನಟ್ಟಿಗೆ 54 ಮಿಲಿಮೀಟರಿನ ಸಾಕೆಟ್, ಸುಮಾರು 400 ನ್ಯೂಟನ್ ಮೀಟರ್ ಟಾರ್ಕ್. ಉದ್ದ ಪೈಪು, ಜೊತೆಗೆ ಫ್ಲೈವೀಲ್ ತಿರುಗದಂತೆ ಹಿಡಿಯಲು ಇನ್ನೊಬ್ಬರು ಬೇಕು.

ಪೆಟ್ರೋಲಿಗೆ ಬನ್ನಿ. ಕಾರ್ಬುರೇಟರಿನ ಹಳೆಯ ಪಂಪು ಕೊಡುವುದು ಮೂರು ನಾಲ್ಕು ಪಿಎಸ್‌ಐ, 13ಬಿಯ ಇಂಜೆಕ್ಷನ್ನಿಗೆ ಬೇಕಿರುವುದು 37ರ ಆಸುಪಾಸು. ಪಂಪು, ಹೋಸು, ಕ್ಲ್ಯಾಂಪು ಎಲ್ಲವೂ ಹೈ ಪ್ರೆಷರಿನವೇ ಆಗಬೇಕು. ಇಲ್ಲಿ ಉಳಿಸಿದ ದುಡ್ಡು ಬೆಂಕಿ ನಂದಿಸಲು ಖರ್ಚಾಗುತ್ತದೆ.

ತಂಪಿನ ವಿಷಯದಲ್ಲಿ 1983ರಿಂದ 85ರವರೆಗಿನ 12ಎ ಕಾರಿದ್ದವರು ಹುಷಾರು. ಅದರಲ್ಲಿ ಎಣ್ಣೆಯನ್ನು ತಂಪು ಮಾಡಲು ಮುಂದೆ ರೇಡಿಯೇಟರ್ ಇಲ್ಲ, ಫಿಲ್ಟರ್ ಬುಡದಲ್ಲಿ ಕೂತ ಜೇನುಗೂಡಿನಂಥ ಡಬ್ಬಿ ಇದೆ. ರೋಟರಿಯಲ್ಲಿ ಬಿಸಿಯ ದೊಡ್ಡ ಪಾಲನ್ನು ಎಣ್ಣೆಯೇ ಹೊರಬೇಕು, ಟೆಕ್ಸಸ್ ಬೇಸಿಗೆಯಲ್ಲಿ ಆ ಡಬ್ಬಿ ಏತಕ್ಕೂ ಸಾಲದು. ಅದಕ್ಕಿಂತ ಹಳೆಯ ಕಾರಿನ ಅಥವಾ ಜಿಎಸ್‌ಎಲ್-ಎಸ್‌ಇಯ ಮುಂದಿನ ಆಯಿಲ್ ಕೂಲರ್ ಹಾಕಿ. ಒಂದೇ ಸಲ ಕಾದು ಕುದಿದರೂ ಒಳಗಿನ ಕೂಲಂಟ್ ಸೀಲುಗಳು ಹೋಗಬಹುದು.

ಕಾನೂನಿನ ಮಾತು: ಇಲ್ಲಿ ಟೆಕ್ಸಸ್‌ನಲ್ಲಿ ಇಷ್ಟು ಹಳೆಯ ಕಾರಿಗೆ ಹೊಗೆ ಪರೀಕ್ಷೆಯ ಕಾಟವಿಲ್ಲ. ಕ್ಯಾಲಿಫೋರ್ನಿಯಾದಲ್ಲಿರುವವರು 1975ರ ನಂತರದ ಕಾರಿಗೆ ಕಾರಿನಷ್ಟೇ ಹೊಸ ಅಥವಾ ಅದಕ್ಕಿಂತ ಹೊಸ ಎಂಜಿನ್ನನ್ನು, ಅದರ ಎಲ್ಲ ಹೊಗೆ ನಿಯಂತ್ರಣ ಸಾಮಾನಿನ ಸಮೇತ ಹಾಕಿ ರೆಫರಿಗೆ, ಅಂದರೆ ಹೊಗೆ ಪರೀಕ್ಷೆಯ ಅಧಿಕೃತ ತಪಾಸಕರಿಗೆ, ತೋರಿಸಬೇಕು.

ಆಯಿಲ್ ಮೀಟರಿಂಗ್ ಪಂಪನ್ನು ತೆಗೆದಿದ್ದರೆ ಪ್ರತಿ ಲೀಟರ್ ಪೆಟ್ರೋಲಿಗೆ ಸುಮಾರು 8 ಮಿಲಿಲೀಟರ್ ಟೂ-ಸ್ಟ್ರೋಕ್ ಎಣ್ಣೆ ಬೆರೆಸಿ. ಊರಲ್ಲಿ ಲೂನಾ, ಚೇತಕ್ ಓಡಿಸಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮೊದಲ ಸಲ ಸ್ಟಾರ್ಟ್ ಮಾಡುವಾಗ ಇಗ್ನಿಷನ್ನು, ಪೆಟ್ರೋಲ್ ಪಂಪು ಎರಡನ್ನೂ ಕಡಿತ ಮಾಡಿ, ಆಯಿಲ್ ಪ್ರೆಷರ್ ಮುಳ್ಳು ಏಳುವವರೆಗೆ ಸ್ಟಾರ್ಟರ್ ತಿರುಗಿಸಿ, ಆಮೇಲೆ ಜೋಡಿಸಿ. ಒಮ್ಮೆ ಹೊತ್ತಿಕೊಂಡ ಮೇಲೆ ಪೂರ್ತಿ ಬಿಸಿಯಾಗುವವರೆಗೆ ಓಡಲಿ. ತಣ್ಣಗಿರುವಾಗ ಗ್ಯಾರೇಜಿನಿಂದ ಅಂಗಳಕ್ಕೆ ತಂದು ಆಫ್ ಮಾಡುವವರಿದ್ದಾರಲ್ಲ, ಅವರ ಎಂಜಿನ್ನಿನಲ್ಲಿ ಪೆಟ್ರೋಲ್ ತುಂಬಿಕೊಂಡು ಮರುದಿನ ಹೊತ್ತುವುದೇ ಇಲ್ಲ. ಹಾಗಾದರೆ ಪಂಪಿನ ಫ್ಯೂಸ್ ತೆಗೆದು, ಪ್ಲಗ್ಗುಗಳನ್ನು ಬಿಚ್ಚಿ, ಸ್ಟಾರ್ಟರ್ ತಿರುಗಿಸಿ ಪೆಟ್ರೋಲನ್ನು ಹೊರಹಾಕಿ. ಒಣಗಿದ ಪ್ಲಗ್ಗು ಹಾಕಿ ಮತ್ತೆ ಪ್ರಯತ್ನಿಸಿ.