ಚೀಸ್ ಇಲ್ಲದ ಪಿಜ್ಜಾ: ನೇಪಲ್ಸ್‌ನ ಮರಿನಾರ

ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಆಲಿವ್ ಎಣ್ಣೆ. ಇಟಲಿಯ ನೇಪಲ್ಸ್‌ನ ಮರಿನಾರ ಪಿಜ್ಜಾದ ಮೇಲೆ ಬೀಳುವುದು ಇಷ್ಟೇ. ಚೀಸ್ ಇಲ್ಲ, ಮೀನೂ ಇಲ್ಲ. 2010ರಲ್ಲಿ ಐರೋಪ್ಯ ಒಕ್ಕೂಟ ನೇಪಲ್ಸ್ ಪಿಜ್ಜಾಕ್ಕೆ ಸಾಂಪ್ರದಾಯಿಕ ತಿನಿಸೆಂಬ ಮಾನ್ಯತೆ ಕೊಟ್ಟಾಗ ಚೀಸ್ ಹಾಕುವ ಮಾರ್ಗೆರಿಟಾ ಪಿಜ್ಜಾ ಜೊತೆ ಇದೂ ಪಟ್ಟಿಯಲ್ಲಿತ್ತು. ಹಿಟ್ಟು ಕೆಟ್ಟರೆ ಮರೆಮಾಚಲು ಚೀಸ್ ಇಲ್ಲವಲ್ಲ, ಹಾಗಾಗಿ ಇಲ್ಲಿ ಹಿಟ್ಟೇ ಮುಖ್ಯ.

ನಾಲ್ಕು ಪಿಜ್ಜಾಕ್ಕೆ ಅರ್ಧ ಕಿಲೋ ಹಿಟ್ಟು, 290 ಮಿ.ಲೀ. ನೀರು, 14 ಗ್ರಾಂ ಉಪ್ಪು, ಕಾಲು ಟೀ ಚಮಚ ಇನ್‌ಸ್ಟಂಟ್ ಯೀಸ್ಟ್ ಬೇಕು. ಅಲ್ಲಿನವರು ‘00’ ಎಂಬ ನುಣುಪು ಗೋಧಿ ಹಿಟ್ಟು ಬಳಸುತ್ತಾರೆ. ಸಿಗದಿದ್ದರೆ ಬ್ರೆಡ್ ಹಿಟ್ಟು ಆದೀತು. ಮೊದಲು ನೀರಿನಲ್ಲಿ ಉಪ್ಪು ಕರಗಿಸಿ, ಎರಡು ಹಿಡಿ ಹಿಟ್ಟು ಕದಡಿ, ಆಮೇಲೆ ಯೀಸ್ಟ್ ಹಾಕಿ. ಉಳಿದ ಹಿಟ್ಟನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತಾ ಕಲಸಿ, ಹದಿನೈದು ನಿಮಿಷ ಚೆನ್ನಾಗಿ ನಾದಿ. ಎಳೆದರೆ ಹರಿಯದೆ ಹಿಗ್ಗಬೇಕು.

ಒದ್ದೆ ಬಟ್ಟೆ ಮುಚ್ಚಿ ಎರಡು ಗಂಟೆ ಬಿಡಿ. ನಂತರ ನಾಲ್ಕು ಉಂಡೆ ಕಟ್ಟಿ, ಮುಚ್ಚಳದ ಡಬ್ಬಿಯಲ್ಲಿ ಮತ್ತೆ 4ರಿಂದ 6 ಗಂಟೆ ಇಡಿ. ನಮ್ಮ ಬೇಸಿಗೆಯಲ್ಲಿ ನಾಲ್ಕಕ್ಕಿಂತ ಮೊದಲೇ ಉಬ್ಬಬಹುದು; ಗಡಿಯಾರಕ್ಕಿಂತ ಉಂಡೆಯನ್ನು ನೋಡುವುದು ಒಳ್ಳೆಯದು.

ಈ ನಡುವೆ ಸಿಪ್ಪೆ ತೆಗೆದ ಟೊಮೆಟೊವನ್ನು ಕೈಯಲ್ಲೇ ಕಿವುಚಿ ಉಪ್ಪು ಹಾಕಿಡಿ. ಬೇಯಿಸುವುದು ಬೇಡ. ಮಿಕ್ಸಿಗಂತೂ ಹಾಕಲೇಬೇಡಿ, ನೊರೆ ಬಂದು ಬಣ್ಣ ಮಂಕಾಗುತ್ತದೆ. ನೇಪಲ್ಸ್ ಪಕ್ಕದ ವೆಸೂವಿಯಸ್ ಜ್ವಾಲಾಮುಖಿಯ ಬಳಿಯ ಬಯಲಲ್ಲಿ ಬೆಳೆಯುವ ಸಾನ್ ಮರ್ಜಾನೊ ಟೊಮೆಟೊ ಡಬ್ಬಿ ಸಿಕ್ಕರೆ ಸೈ. ನಮ್ಮ ಹುಳಿ ಟೊಮೆಟೊ ಆದರೆ ನೀರು ಸೋಸಿ.

ಇನ್ನು ತಟ್ಟುವ ಕೆಲಸ. ಲಟ್ಟಣಿಗೆ ಮುಟ್ಟಬೇಡಿ. ಅದು ಉಂಡೆಯೊಳಗಿನ ಗಾಳಿಯನ್ನೆಲ್ಲ ಹೊರದಬ್ಬುತ್ತದೆ, ಅಂಚು ಉಬ್ಬುವುದೇ ಇಲ್ಲ. ಬೆರಳ ತುದಿಯಿಂದ ನಡುವಿನಿಂದ ಹೊರಕ್ಕೆ ಒತ್ತುತ್ತಾ ಹೋಗಿ, ಸುತ್ತ ಒಂದೂವರೆ ಸೆಂಟಿಮೀಟರ್ ಅಂಚು ಹಾಗೇ ಬಿಡಿ. ನಡುಭಾಗ ತೆಳ್ಳಗಾಗಲಿ.

ಪ್ರತಿ ಪಿಜ್ಜಾಕ್ಕೆ ಸುಮಾರು 80 ಗ್ರಾಂ ಟೊಮೆಟೊವನ್ನು ಚಮಚದ ಬೆನ್ನಿನಿಂದ ಸುತ್ತುಸುತ್ತಾಗಿ ಹರಡಿ. ಒಂದು ಎಸಳು ಬೆಳ್ಳುಳ್ಳಿಯ ತೆಳು ಬಿಲ್ಲೆ, ಚಿಟಿಕೆ ಒರೆಗಾನೊ, ಒಂದು ಟೀ ಚಮಚ ಎಣ್ಣೆ.

ನೇಪಲ್ಸ್‌ನ ಸೌದೆ ಒಲೆಯ ಕಾವು 485 ಡಿಗ್ರಿ ಸೆಲ್ಸಿಯಸ್‌ವರೆಗೆ ಇರುವುದರಿಂದ ಪಿಜ್ಜಾ 60ರಿಂದ 90 ಸೆಕೆಂಡಿನಲ್ಲಿ ಬೇಯುತ್ತದೆ. ಮನೆಯ ಓವನ್ 250 ಡಿಗ್ರಿ ದಾಟುವುದು ಅಪರೂಪ. ದಪ್ಪ ಕಬ್ಬಿಣದ ಕಾವಲಿಯನ್ನು ಒಳಗೇ ಮುಕ್ಕಾಲು ಗಂಟೆ ಕಾಯಿಸಿ, ಅದರ ಮೇಲೆ ಪಿಜ್ಜಾ ಜಾರಿಸಿ. 6ರಿಂದ 8 ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತಿಗೆ ಬೆಳ್ಳುಳ್ಳಿ ಸೀದು ಕಹಿಯಾಗುವುದುಂಟು, ಬಿಲ್ಲೆಗಳನ್ನು ಟೊಮೆಟೊ ಅಡಿಗೆ ತಳ್ಳಿಡಿ. ಅಂಚಿನಲ್ಲಿ ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದರೆ ಹೊರತೆಗೆಯಿರಿ.

ನೇಪಲ್ಸ್‌ನ ಬೀದಿಗಳಲ್ಲಿ ಇದನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲೇ ಹಿಡಿದು ತಿನ್ನುತ್ತಾರೆ. ನೀವೂ ಹಾಗೆ ತಿನ್ನುವುದಾದರೆ ಒಂದು ನಿಮಿಷ ತಾಳಿ, ಮಡಿಕೆಯೊಳಗಿನ ಟೊಮೆಟೊ ನಾಲಿಗೆ ಸುಡುತ್ತದೆ.