ಪರ್ಯಾಣದ ಜಾಡು ಹಿಡಿದು

ಹಾವೇರಿ ಸೀಮೆಯ ನಮ್ಮ ಮನೆಯಲ್ಲಿ ಅಜ್ಜಿ ಕಂಚಿನ ದೊಡ್ಡ ತಾಟನ್ನು ‘ಪರ್ಯಾಣ’ ಎನ್ನುತ್ತಿದ್ದರು. ಒಂದು ಮೊಳ ಅಗಲದ ಆ ತಾಟಿಗೆ ಎರಡು ಬೆರಳೆತ್ತರದ ಕಂಠವಿತ್ತು. ಓಣಿಯವರು ಮದುವೆಗೆ ಒಯ್ದಾಗ ಅದಲುಬದಲಾಗದಿರಲೆಂದು ಅಂಚಿನ ಕೆಳಗೆ ಚುಕ್ಕಿ ಹೊಡೆಸಿ ಅಜ್ಜನ ಹೆಸರು ಬರೆಸಿದ್ದರು. ಊರಿನ ಮಾತುಗಳನ್ನು ಬರೆದಿಡತೊಡಗಿದಾಗ ನಾನು ಮೂಲ ಹುಡುಕಿದ ಮೊದಲ ಪದ ಅದೇ.

ಮೊದಲ ಹೆಜ್ಜೆಯಲ್ಲೇ ತಪ್ಪಿದೆ. ಸಂಸ್ಕೃತ ನಿಘಂಟಿನಲ್ಲಿ ‘ಪರ್ಯಾಣ’ ಸಿಕ್ಕಿತು. ಅರ್ಥ ಕುದುರೆಯ ಜೀನು. ನಡು ತಗ್ಗಿ ಅಂಚು ಎದ್ದಿರುವ ಆಕಾರದಿಂದ ತಾಟಿಗೆ ಈ ಹೆಸರು ಬಂದಿರಬೇಕೆಂದು ಬರೆದೂ ಇಟ್ಟೆ. ಆದರೆ ಆ ಸಂಸ್ಕೃತ ಪದ ಕನ್ನಡದಲ್ಲಿ ‘ಪಲ್ಲಣ’ವಾಗಿ, ಮುಂದೆ ‘ಹಲ್ಲಣ’ವಾಗಿ, ಜೀನಿನ ಅರ್ಥದಲ್ಲೇ ಉಳಿದಿದೆ ಎಂಬುದು ನೆನಪಾದಾಗ ಆ ಪುಟವನ್ನು ಹೊಡೆದುಹಾಕಿದೆ.

ಕಿಟೆಲ್ ಅವರ 1894ರ ನಿಘಂಟನ್ನೂ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳನ್ನೂ ಹಿಡಿದು ಕೂತ ಮೇಲೆ ದಾರಿ ಕಂಡಿತು. ಹಳೆಯ ರೂಪ ‘ಪರಿಯಾಣ’. ಪಾಲು ಹಾಲಾದಂತೆ, ಪೂ ಹೂವಾದಂತೆ, ಮೊದಲಿನ ಪಕಾರ ಹಕಾರವಾಗಿ ‘ಹರಿವಾಣ’ ಬಂದಿದೆ. ಆರತಿಗೆ ಬಳಸುವುದರಿಂದ ಹರಿವಾಣಕ್ಕೂ ಹರಿಗೂ ನಂಟಿದೆ ಎಂದು ಹಿರಿಯರೊಬ್ಬರು ಭಕ್ತಿಯಿಂದ ವಿವರಿಸಿದ್ದರು. ಮೂಲದಲ್ಲಿ ಪಕಾರವಿರುವಾಗ ಆ ವಿವರಣೆ ನಿಲ್ಲುವುದಿಲ್ಲ.

ಹುಬ್ಬಳ್ಳಿಯ ಕಂಚಗಾರ ಗಲ್ಲಿಯಲ್ಲೂ ವಿಚಾರಿಸಿದೆ. ಅಲ್ಲಿ ಗಂಗಾಳ ಎಂದರೆ ಉಣ್ಣುವ ತಾಟು. ಮರಾಠಿಯಲ್ಲಿ ‘ಘಂಗಾಳ’ ಸ್ನಾನದ ನೀರು ತುಂಬುವ ದೊಡ್ಡ ಪಾತ್ರೆ. ‘ತಾಟು’ ಎಂಬ ನಮ್ಮ ನಿತ್ಯದ ಮಾತಿಗೂ ಮರಾಠಿಯ ‘ತಾಟ’ ಜೊತೆಗಿದೆ. ಇನ್ನು ‘ಥಾಲಿ’ಯ ಹಿಂದಿರುವ ಸಂಸ್ಕೃತದ ‘ಸ್ಥಾಲೀ’ ಎಂದರೆ ಅನ್ನ ಬೇಯಿಸುವ ಗಡಿಗೆ; ಒಂದು ಅಗುಳು ಹಿಚುಕಿ ಇಡೀ ಅನ್ನದ ಹದ ತಿಳಿಯುವ ಸ್ಥಾಲೀಪುಲಾಕ ನ್ಯಾಯದಲ್ಲಿ ಆ ಅರ್ಥ ಇಂದಿಗೂ ಹಾಗೆಯೇ ಇದೆ. ಒಲೆಯ ಮೇಲಿನ ಗಡಿಗೆಯ ಹೆಸರು ಉಣ್ಣುವವರ ಮುಂದಿನ ತಾಟಿಗೆ ಇಳಿದು ಬಂದಿರುವುದು ನನಗೆ ಬಹಳ ಹಿಡಿಸಿತು.

ಆದರೂ ಮನಸ್ಸು ಮತ್ತೆ ಮತ್ತೆ ಅಜ್ಜಿಯ ಮಾತಿಗೇ ಮರಳುತ್ತಿತ್ತು. ದೇವರ ಮುಂದೆ ಆರತಿ ಬೆಳಗುವಾಗ ಅವರೂ ‘ಹರಿವಾಣ ತಾ’ ಎನ್ನುತ್ತಿದ್ದರು. ಅಡಿಗೆಮನೆಯಲ್ಲಿ ಹಿಟ್ಟು ನಾದಲು ಕುಳಿತಾಗ ‘ಪರ್ಯಾಣ ತಾ’ ಎನ್ನುತ್ತಿದ್ದರು. ಅವನ್ನು ಎರಡು ಪದಗಳೆಂದು ಬೇರೆ ಬೇರೆ ಪುಟಗಳಲ್ಲಿ ಬರೆದಿದ್ದೆ. ಈಗ ಎರಡನ್ನೂ ಒಂದೇ ಪುಟಕ್ಕೆ ತಂದಿದ್ದೇನೆ. ಅಡಿಗೆಮನೆಯ ರೂಪವನ್ನು ಮೊದಲು ಬರೆದಿದ್ದೇನೆ, ಏಕೆಂದರೆ ಹಳೆಯ ಪಕಾರವನ್ನು ಉಳಿಸಿಕೊಂಡದ್ದು ಅದೇ.