ಫೇಲಾದ ಮಕ್ಕಳ ಹಾಜರಿ ಪುಸ್ತಕ

ನನ್ನ ಮೇಜಿನ ಡ್ರಾಯರ್‌ನಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಗ್ರಂಥಾಲಯದ ಲೆಕ್ಕಕ್ಕೆ ಸೇರಿದ್ದಲ್ಲ, ನನ್ನ ಸ್ವಂತದ್ದು. ರಟ್ಟಿನ ಮೇಲೆ ಏನೂ ಬರೆದಿಲ್ಲ. ಒಳಗೆ ಎಸ್ಸೆಸ್ಸೆಲ್ಸಿ ಫೇಲಾದ ನಮ್ಮೂರ ಮಕ್ಕಳ ಹೆಸರುಗಳಿವೆ.

ಗದಗ ಜಿಲ್ಲೆ ಮುಂಡರಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಗ್ರಾಮ ಪಂಚಾಯ್ತಿ ಗ್ರಂಥಾಲಯದ ಮೇಲ್ವಿಚಾರಕಿ. ಕಿಟಕಿ ತೆಗೆದರೆ ಕಪ್ಪತಗುಡ್ಡ, ಅದರ ಮೇಲೆ ಸಾಲಾಗಿ ಗಾಳಿ ಫ್ಯಾನುಗಳು. ನಾನು ಕೆಲಸಕ್ಕೆ ಸೇರಿದಾಗ ಇದು ಬೆಳಿಗ್ಗೆ ಪೇಪರ್ ಓದೋಕೆ ಹಿರಿಯರು ಬಂದು ಹೋಗುವ ಜಾಗ ಅಷ್ಟೇ ಆಗಿತ್ತು. 2019ರಲ್ಲಿ ಹಳ್ಳಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ, ಕೊರೊನಾದಲ್ಲಿ ಶಾಲೆಗಳು ಮುಚ್ಚಿದ್ದಾಗ, ‘ಓದುವ ಬೆಳಕು’ ಅನ್ನೋ ಸರ್ಕಾರದ ಕಾರ್ಯಕ್ರಮ ಶುರುವಾಗಿ 18 ವರ್ಷದೊಳಗಿನ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಆಮೇಲೆ ಮಕ್ಕಳು ಬರತೊಡಗಿದರು. ಊರಿನವರೂ ಬಂದರು, ಎರಡು ಕಿಲೋಮೀಟರ್ ಆಚೆಯ ತಾಂಡಾದವರೂ ಬಂದರು.

ಮಕ್ಕಳು ದಿನಾ ಬಂದರೆ ಒಂದು ಅನುಕೂಲ ಇದೆ. ಯಾರು ಬರುತ್ತಿಲ್ಲ ಅನ್ನೋದು ಬೇಗ ಗೊತ್ತಾಗುತ್ತದೆ.

2022ರಲ್ಲಿ ಒಬ್ಬ ಹುಡುಗಿ ಬರೋದು ನಿಲ್ಲಿಸಿದಳು. ಕಥೆ ಪುಸ್ತಕಗಳನ್ನು ಎರಡೆರಡು ಸಲ ಒಯ್ದು ಓದುತ್ತಿದ್ದವಳು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ವಿಷಯ ಹೋಗಿತ್ತು. ದಾರಿಯಲ್ಲಿ ಸಿಕ್ಕಾಗ ‘ಇರಲಿ ಬಿಡು, ಮುಂದಿನ ಸಲ ಬರಿ’ ಅಂದೆ. ಧೈರ್ಯ ಹೇಳಿದೆ ಅಂದುಕೊಂಡು ನನ್ನ ಪಾಡಿಗೆ ಹೋದೆ. ತಿಂಗಳೊಳಗೆ ಸೋದರಮಾವನ ಜೊತೆ ಮದುವೆ ಗೊತ್ತಾಯಿತು. ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರು. ಅಧಿಕಾರಿಗಳು ಬಂದರು, ತಂದೆ-ತಾಯಿಯಿಂದ ಮುಚ್ಚಳಿಕೆ ಬರೆಸಿಕೊಂಡರು, ಜೀಪು ಹೋಯಿತು. ಊರೆಲ್ಲ ‘ಲಗ್ನ ನಿಂತಿತು’ ಅಂತು. ನಾನೂ ಹಾಗೇ ಅಂದುಕೊಂಡೆ. ನಾಲ್ಕು ತಿಂಗಳ ಮೇಲೆ ಬೇರೆ ಊರಲ್ಲಿ, ನಸುಕಿನಲ್ಲಿ ಮದುವೆ ಮಾಡಿ ಮುಗಿಸಿದರು. ಆ ನಾಲ್ಕು ತಿಂಗಳಲ್ಲಿ ಒಬ್ಬರೂ ಆ ಮನೆಗೆ ಹೋಗಿ ‘ಹುಡುಗಿ ಏನು ಮಾಡ್ತಿದಾಳೆ’ ಅಂತ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ನಮ್ಮ ಮನೆಗಳ ನಡುವೆ ಇರೋದು ಮೂರು ಓಣಿ.

ಆಗ ನನಗೆ ಒಂದು ವಿಷಯ ಹೊಳೆಯಿತು. ಶಾಲೆಗೆ ಹೋಗುವ ಮಗು ಯಾವುದಾದರೂ ಒಂದು ಹಾಜರಿಯಲ್ಲಿ ಇರುತ್ತದೆ. ಕಡ್ಡಾಯ ಶಿಕ್ಷಣದ ಕಾಯ್ದೆ 6ರಿಂದ 14 ವರ್ಷದವರಿಗೆ. ಆ ವಯಸ್ಸಿನ ಮಗು ಶಾಲೆ ತಪ್ಪಿಸಿದರೆ ಮಾಸ್ತರರು ಮನೆಗೆ ಬಂದು ಕರೆಯುತ್ತಾರೆ. ಹತ್ತನೇ ಪಾಸಾದವರು ಕಾಲೇಜಿನ ಹಾಜರಿಗೆ ಹೋಗುತ್ತಾರೆ. ಫೇಲಾದ 16 ವರ್ಷದ ಹುಡುಗ ಎಲ್ಲಿ ಲೆಕ್ಕಕ್ಕೆ ಬರುತ್ತಾನೆ? ಹೈಸ್ಕೂಲಿಗೆ ಅವನು ಹಳೆಯ ವಿದ್ಯಾರ್ಥಿ. ಕಾಲೇಜಿಗೆ ಇನ್ನೂ ಸೇರಿಲ್ಲ. ಅಂಗನವಾಡಿ ಪಟ್ಟಿಯ ವಯಸ್ಸು ಎಂದೋ ದಾಟಿದೆ. ಒಂದು ದಿನ ಅವನು ಊರಲ್ಲಿ ಇಲ್ಲದಿದ್ದರೆ ಕೇಳುವವರೇ ಇಲ್ಲ.

ಕೇಳುವವರು ಒಬ್ಬರಿದ್ದಾರೆ, ಕೂಲಿಗೆ ಆಳು ಕರೆದೊಯ್ಯುವ ಮೇಸ್ತ್ರಿ. ನಮ್ಮ ಕಡೆ ಗುಳೆ ಹೋಗೋದು ಹೊಸದಲ್ಲ. ಹಿಂಗಾರು ಕೈಕೊಟ್ಟ ವರ್ಷ ತಾಂಡಾದ ಅರ್ಧ ಮನೆಗಳಿಗೆ ಬೀಗ ಬೀಳುತ್ತದೆ. ಗೋವಾ, ಮಂಗಳೂರು, ಬೆಂಗಳೂರು ಅಂತ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಮೇಸ್ತ್ರಿಗೆ ಎಸ್ಸೆಸ್ಸೆಲ್ಸಿ ಫಲಿತಾಂಶ ಯಾವಾಗ ಅಂತ ಚೆನ್ನಾಗಿ ಗೊತ್ತು. ಅದೇ ವಾರ ಅವನು ಐದು ಸಾವಿರ ಉಚಾಪತಿ, ಅಂದರೆ ಮುಂಗಡ, ಹಿಡಿದು ಬರುತ್ತಾನೆ. ಹುಡುಗ ಮನೆಯಲ್ಲಿ ಬೈಸಿಕೊಂಡು ಮುಖ ಮುಚ್ಚಿಕೊಂಡು ಮಲಗಿರುತ್ತಾನೆ. ಆ ಹೊತ್ತಿನಲ್ಲಿ ‘ನೀ ಬಾ, ನಿನ್ನ ಕಡೆ ಕೆಲಸ ಆಗತೈತಿ’ ಅಂತ ಹೇಳುವವನು ಅವನೊಬ್ಬನೇ. ಅವನನ್ನು ಬೈದು ಏನು ಮಾಡೋದು? ನಾವು ಯಾರೂ ಅಲ್ಲಿಗೆ ಹೋಗಿರಲಿಲ್ಲ.

ಅದಕ್ಕೇ ನೋಟ್‌ಬುಕ್ ಮಾಡಿದೆ. 2023ರಲ್ಲಿ ಮೊದಲ ಸಲ. ಆ ವರ್ಷ ಹೆಸರು ಬರೆದದ್ದಷ್ಟೇ ಆಯಿತು. ತಡವಾಗಿ ಶುರು ಮಾಡಿದ್ದೆ, ಪೂರಕ ಪರೀಕ್ಷೆಯ ಅರ್ಜಿ ಕಟ್ಟುವ ದಿನ ಮುಗಿದಿತ್ತು. ಫಲಿತಾಂಶ ಬಂದ ಮೇಲೆ ಅರ್ಜಿಗೆ ಸಿಗೋದು ಸುಮಾರು ಒಂದು ವಾರ. ಅದು ತಪ್ಪಿದರೆ ಮಗು ಇಡೀ ಒಂದು ಹಂಗಾಮು ಖಾಲಿ ಇರುತ್ತದೆ. ಖಾಲಿ ಇರುವ ಹುಡುಗಿಗೆ ಗಂಡು ಬರುತ್ತದೆ, ಖಾಲಿ ಇರುವ ಹುಡುಗನಿಗೆ ಮೇಸ್ತ್ರಿ ಬರುತ್ತಾನೆ.

2024ರಿಂದ ವರ್ಷಕ್ಕೆ ಮೂರು ಪರೀಕ್ಷೆ ಮಾಡಿದರು. ಅದೇ ವರ್ಷ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಬಂತು. ಮೇ 9ಕ್ಕೆ ಫಲಿತಾಂಶ ಬಂದಾಗ ರಾಜ್ಯದಲ್ಲಿ ಪಾಸಾದವರು ಶೇ 83 ಚಿಲ್ಲರೆಯಿಂದ ಶೇ 73 ಚಿಲ್ಲರೆಗೆ ಇಳಿದಿದ್ದರು. ನಮ್ಮ ಪಂಚಾಯ್ತಿಯಿಂದ ಬರೆದವರು 34 ಮಕ್ಕಳು, ಫೇಲಾದವರು 13. ಮಧ್ಯಾಹ್ನದ ಹೊತ್ತಿಗೆ ಹೈಸ್ಕೂಲಿನ ಗುಮಾಸ್ತರಿಂದ ಹೆಸರು ಬರೆಸಿಕೊಂಡೆ. ಸಂಜೆ ನಾಲ್ಕಕ್ಕೆ ಚಪ್ಪಲಿ ಮೆಟ್ಟಿದೆ. ಅವತ್ತೇ ಆರು ಮನೆ ಮುಗಿಸಿದೆ, ಮರುದಿನ ಉಳಿದ ಏಳು.

ಮನೆಯಲ್ಲಿ ಏನು ಮಾತಾಡಬೇಕು ಅನ್ನೋದನ್ನು ಹೋಗಿ ಹೋಗಿ ಕಲಿತೆ. ಮೊದಲ ಮನೆಯಲ್ಲಿ ‘ಓದು ಬಿಡಿಸಬೇಡ್ರಿ, ಓದಿನಿಂದಲೇ ಬದುಕು’ ಅಂತ ಶುರು ಮಾಡಿದೆ. ಆ ತಾಯಿ ತಲೆ ಅಲ್ಲಾಡಿಸಿದರು, ಒಳಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ. ಎರಡನೇ ಮನೆಯಿಂದ ಮಾತು ಬದಲಿಸಿದೆ. ‘ಎಷ್ಟರಾಗ ಹೋಗೇತಿ? ಒಂದ ವಿಷಯನಾ? ಜೂನದಾಗ ಮತ್ತ ಪರೀಕ್ಷೆ ಐತಿ. ಫಾರ್ಮ್ ನಾ ತುಂಬಸ್ತೀನಿ. ಎರಡ ಫೋಟೋ ಕೊಡ್ರಿ.’ ಅಷ್ಟೇ. ಫೋಟೋ ಕೈಗೆ ಬಂದರೆ ಅರ್ಧ ಕೆಲಸ ಆದ ಹಾಗೆ. ಫೋಟೋ ಕೊಟ್ಟ ಮನೆ ಮರುದಿನ ಇಲ್ಲ ಅನ್ನೋದು ಕಡಿಮೆ.

ಒಂದು ಮನೆಯಲ್ಲಿ ಫೋಟೋ ಸಿಗಲಿಲ್ಲ. ಹುಡುಗಿಗೆ ಗಣಿತ ಒಂದೇ ಹೋಗಿತ್ತು. ಬರವಣಿಗೆಯ 80ಕ್ಕೆ ಬಂದದ್ದು 11. ತಾಯಿ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ನಾನೂ ಪಕ್ಕದಲ್ಲಿ ಕೂತು ತೊಟ್ಟು ಬಿಡಿಸತೊಡಗಿದೆ. ಬಹಳ ಹೊತ್ತಿನ ಮೇಲೆ ಅವರೇ ಬಾಯಿ ಬಿಟ್ಟರು. ‘ಸಾಲಿಗೆ ಹೋಗತಿದ್ಲು, ಮಂದಿ ಏನೂ ಅಂತಿದ್ದಿಲ್ಲ. ಈಗ ಮನ್ಯಾಗ ಕುಂತಾಳ. ನಾ ಹೊಲಕ್ಕ ಹೋದ್ರ ಒಬ್ಬಾಕಿನ ಇರತಾಳ. ನನಗ ರಾತ್ರಿ ನಿದ್ದಿ ಹತ್ತಂಗಿಲ್ರಿ ಅಕ್ಕಾರ.’

ಬಾಲ್ಯವಿವಾಹದ ಬಗ್ಗೆ ನಾವು ಗೋಡೆ ಮೇಲೆ ಏನೇನೋ ಬರೆಸುತ್ತೇವೆ. ಆ ತಾಯಿಯ ಚಿಂತೆ ಇದ್ದದ್ದು ಮಗಳು ಹಗಲು ಎಲ್ಲಿರಬೇಕು ಅನ್ನೋದು. ಆ ಪ್ರಶ್ನೆಗೆ ನಾನು ಉತ್ತರ ಕೊಡಬಹುದಿತ್ತು. ‘ನನ್ನ ಹತ್ರ ಇರಲಿ, ಬೆಳಿಗ್ಗೆಯಿಂದ ನಾ ಬಾಗಿಲು ಹಾಕೋ ತನಕ. ನಾನೇ ಮನೆ ತನಕ ಬಿಡ್ತೀನಿ’ ಅಂದೆ. ಅವತ್ತು ಹೂಂ ಅನ್ನಲಿಲ್ಲ. ಮೂರನೇ ದಿನ ಹುಡುಗಿಯೇ ಬಂದಳು, ಫೋಟೋ ತಂದಿದ್ದಳು.

ಕಾನೂನನ್ನೂ ಬಿಟ್ಟುಕೊಡಲಿಲ್ಲ. ಹುಡುಗಿಗೆ 18, ಹುಡುಗನಿಗೆ 21 ಅಂತ ಎಲ್ಲರಿಗೂ ಗೊತ್ತು. ಆದರೆ 2016ರ ತಿದ್ದುಪಡಿ ಆದ ಮೇಲೆ ಕರ್ನಾಟಕದಲ್ಲಿ ಅಂಥ ಮದುವೆ ಮದುವೆಯೇ ಅಲ್ಲ, ಮೊದಲಿನಿಂದಲೇ ಅಸಿಂಧು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಮಾಡಿಸಿದವರಿಗೆ ಎರಡು ವರ್ಷದ ತನಕ ಜೈಲಾಗಬಹುದು. ಅಕ್ಷತೆ ಹಾಕಿಸಿದ ಅಯ್ಯನವರೂ ಅದರಲ್ಲಿ ಬರುತ್ತಾರೆ. ಇದನ್ನು ಹುಡುಗಿಯ ಅಜ್ಜಿಗೆ ಹೇಳಿದೆ, ಯಾಕಂದರೆ ಆ ಮನೆಯಲ್ಲಿ ಮಾತು ನಡೆಯೋದು ಅಜ್ಜಿಯದು. ಮಾತಿಗೆ ಬಗ್ಗದ ಒಂದು ಮನೆಯ ವಿಷಯಕ್ಕೆ ಮರುವರ್ಷ 1098ಕ್ಕೆ ನಾನೇ ಫೋನ್ ಮಾಡಿದೆ. ಆದರೆ ಈ ಸಲ ಮುಚ್ಚಳಿಕೆ ಬರೆದ ಮೇಲೂ ಪ್ರತಿ ಸೋಮವಾರ ಆ ಮನೆ ಬಾಗಿಲಿಗೆ ಹೋದೆ. ಅವರು ನನ್ನ ಜೊತೆ ಮಾತು ಬಿಟ್ಟರು. ಹುಡುಗಿಗೆ 18 ಆಗುವವರೆಗೂ ಹೋಗುತ್ತೇನೆ.

ಇನ್ನು ಗಣಿತ. ನಾನು ಪಿಯುಸಿ ಕಲಾ ವಿಭಾಗ, ನನ್ನಿಂದ ಆಗೋದಲ್ಲ ಅಂತ ಊರಿನ ಒಬ್ಬ ಬಿಎಸ್ಸಿ ಹುಡುಗನನ್ನು ಕೇಳಿದೆ. ಗದಗಿನಿಂದ ಸಂಜೆ ಬಸ್ಸಿಗೆ ಬಂದು ಒಂದು ತಾಸು ಹೇಳಿಕೊಡುತ್ತಿದ್ದ. ಹೈಸ್ಕೂಲಿನ ಗಣಿತದ ಮೇಷ್ಟ್ರು ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು, ಎಲ್ಲಿ ಒತ್ತು ಕೊಡಬೇಕು ಅಂತ ಗುರುತು ಹಾಕಿಕೊಟ್ಟರು. ಸಮಾಂತರ ಶ್ರೇಢಿ, ಸಂಖ್ಯಾಶಾಸ್ತ್ರ, ನಕ್ಷೆ ಹಾಕಿ ಸಮೀಕರಣ ಬಿಡಿಸೋದು, ಥೇಲ್ಸ್ ಪ್ರಮೇಯ. ಇಷ್ಟು ಗಟ್ಟಿ ಮಾಡಿದರೆ ಪಾಸಿಗೆ ಹೆದರಬೇಕಿಲ್ಲ.

ವಾರ ಕಳೆದರೂ ಗಣಿತದಲ್ಲಿ 11 ಬಂದಿದ್ದ ಆ ಹುಡುಗಿ ಮುಂದೆ ಹೋಗಲಿಲ್ಲ. ಸೂತ್ರ ಬಾಯಿಪಾಠ ಬರುತ್ತಿತ್ತು, ಉತ್ತರ ತಪ್ಪು. ಒಂದು ಮಧ್ಯಾಹ್ನ ನಾನೇ ಅವಳ ಪಕ್ಕ ಕೂತು ನೋಡಿದೆ. ಮೈನಸ್ 7ಕ್ಕೆ 3 ಕೂಡಿಸಬೇಕಿತ್ತು. ಅವಳು ಮೈನಸ್ 10 ಅಂತ ಬರೆದಳು. ಅಳಿಸಿದಳು, 10 ಅಂತ ಬರೆದಳು. ನನ್ನ ಮುಖ ನೋಡಿದಳು. ಹತ್ತನೇ ಕ್ಲಾಸಿನ ತೊಂದರೆ ಆರನೇ ಕ್ಲಾಸಿನಲ್ಲಿ ಕೂತಿತ್ತು.

ಅದೇ ಹುಡುಗಿ ಹೋದ ಹಂಗಾಮಿನಲ್ಲಿ ಉಳ್ಳಾಗಡ್ಡಿ ಕೀಳೋಕೆ ಹೋದ ಹನ್ನೆರಡು ಹೆಂಗಸರ ಪಗಾರದ ಲೆಕ್ಕ ಬಾಯಲ್ಲೇ ಹೇಳಿದ್ದಳು. ಅದು ನೆನಪಿಗೆ ಬಂತು. ಪೆನ್ಸಿಲ್ ಕೆಳಗಿಡಿಸಿದೆ. ‘ಮೇಸ್ತ್ರಿ ಕಡೆ 700 ಉಚಾಪತಿ ತಗೊಂಡಿ. 300 ರೂಪಾಯಿ ಕೆಲಸಾ ಮಾಡಿದಿ. ಈಗ ಲೆಕ್ಕಾ ಹೆಂಗ?’

‘ಇನ್ನೂ 400 ಕೊಡಬೇಕ್ರಿ.’ ತಟ್ಟನೆ ಬಂತು.

‘ಕೊಡೋದನ್ನ ಹೆಂಗ ಬರೀತಿ?’

400 ಅಂತ ಬರೆದಳು. ಸುಮ್ಮನೆ ಅದನ್ನೇ ನೋಡುತ್ತ ಕೂತಳು. ಆಮೇಲೆ ಪೆನ್ಸಿಲ್ ತಗೊಂಡು 400ರ ಹಿಂದೆ ಒಂದು ಸಣ್ಣ ಗೀಟು ಎಳೆದಳು. ಮೇಲಿನ ಲೆಕ್ಕಕ್ಕೆ ಹೋಗಿ 10ನ್ನು ಹೊಡೆದು ಹಾಕಿ ಮೈನಸ್ 4 ಬರೆದಳು. ‘ಅಯ್ಯ, ಇದು ಸಾಲದ ಲೆಕ್ಕನಾ!’ ಅಂತ ಜೋರಾಗಿ ಅಂದಳು. ಪೇಪರ್ ಓದುತ್ತಿದ್ದ ಅಜ್ಜ ತಲೆ ಎತ್ತಿ ನೋಡಿದರು.

ಅವಳಿಗೆ ದಡ್ಡಿ ಅಂತ ಎಷ್ಟು ಜನ ಎಷ್ಟು ವರ್ಷ ಹೇಳಿದ್ದರೋ. ಇದನ್ನು ಬರೆಯುವಾಗಲೂ ನನಗೆ ಗಂಟಲು ಕಟ್ಟುತ್ತದೆ.

ಜೂನಿನ ಪರೀಕ್ಷೆಯಲ್ಲಿ ಅವಳು ಮತ್ತೆ ಫೇಲಾದಳು, ಆದರೆ ಅಂಕ ಏರಿತ್ತು. ಆಗಸ್ಟಿನ ಮೂರನೇ ಪರೀಕ್ಷೆಗೆ ಕೂರಿಸೋದು ಅದಕ್ಕಿಂತ ಕಷ್ಟ ಆಯಿತು. ಆಗ ಇಲ್ಲಿ ಹೆಸರುಕಾಳು ಬಿಡಿಸುವ ಹಂಗಾಮು, ಮನೆಮಂದಿ ಎಲ್ಲ ಹೊಲದಲ್ಲಿ ಇರುತ್ತಾರೆ. ಬೆಳಿಗ್ಗೆ ಹೊಲ, ಮಧ್ಯಾಹ್ನದ ಮೇಲೆ ಗ್ರಂಥಾಲಯ ಅಂತ ತಾಯಿಯ ಜೊತೆ ಮಾತು ಮಾಡಿಕೊಂಡೆ. ಪರೀಕ್ಷೆಯ ದಿನ ಅವರೇ ಮಗಳ ಜೊತೆ ಮುಂಡರಗಿಗೆ ಬಂದರು. ಶಕ್ತಿ ಯೋಜನೆ ಬಂದಾಗಿನಿಂದ ಹೆಂಗಸರಿಗೆ ಬಸ್ ಚಾರ್ಜ್ ಇಲ್ಲ. ಇಲ್ಲದಿದ್ದರೆ ಜೊತೆಗೆ ಒಬ್ಬರು ಬರೋದು ದೂರದ ಮಾತಾಗಿತ್ತು. ಗಣಿತ ಪಾಸಾಯಿತು. ಈಗ ಅವಳು ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಾಳೆ, ವಾಣಿಜ್ಯ ವಿಭಾಗ. ಲೆಕ್ಕ ಇಷ್ಟ ಅಂತೆ.

13ರಲ್ಲಿ ಆ ವರ್ಷ ಪಾಸಾದವರು ಎಂಟು. ಒಬ್ಬ ಹುಡುಗಿಯ ಮನೆಯವರು ಊರೇ ಬಿಟ್ಟು ಹೋದರು, ಫೋನೂ ಹತ್ತುವುದಿಲ್ಲ. ನಾಲ್ವರು ಹುಡುಗರು ಉಳಿದರು. ಹುಡುಗರನ್ನು ಹಿಡಿದಿಡೋದು ಕಷ್ಟ, ಇದನ್ನು ಒಪ್ಪಿಕೊಳ್ಳಲೇಬೇಕು. ಹುಡುಗಿಯರಿಗೆ ಗ್ರಂಥಾಲಯ ಅಂದರೆ ಮನೆಯಿಂದ ಹೊರಗೆ ಬರೋಕೆ ಒಂದು ನೆಪ. ಹುಡುಗರಿಗೆ ಹೊರಗೆ ಇಡೀ ಊರೇ ಇದೆ. ಬಸ್ ಸ್ಟ್ಯಾಂಡ್ ಕಟ್ಟೆ, ಗುಟ್ಕಾ, ಮೊಬೈಲಿನಲ್ಲಿ ದುಡ್ಡು ಹಚ್ಚುವ ಆಟ. ಫಲಿತಾಂಶದ ಹೊತ್ತಿಗೆ ಸರಿಯಾಗಿ ಐಪಿಎಲ್ ಬೇರೆ ಇರುತ್ತದೆ. ಅವರಿಗಾಗಿ ಸಂಜೆ ಏಳರ ಮೇಲೆ ಬಾಗಿಲು ತೆರೆದಿಟ್ಟು ನೋಡಿದೆ. ಇಬ್ಬರು ಬಂದರು. ಕೇರಂ ಬೋರ್ಡ್ ತಂದ ಮೇಲೆ ಒಂಬತ್ತು ಜನ ಬಂದರು, ಅದರಲ್ಲಿ ಐವರು ಪುಸ್ತಕವನ್ನೂ ತೆರೆದರು. ಕೇರಂ ಯಾಕೆ ಅಂತ ಊರಲ್ಲಿ ಕೆಲವರು ಕೇಳಿದರು. ಬರಲಿ ಅಂತ, ಅಂದೆ.

ಮಕ್ಕಳ ಗ್ರಾಮಸಭೆಯಲ್ಲಿ ಈ ದೊಡ್ಡ ಮಕ್ಕಳನ್ನೂ ಕರೆದುಕೊಂಡು ಹೋಗಿ ಕೂರಿಸಿದೆ. ಪಾಸಾದವರು ಮಾತ್ರ ಮಕ್ಕಳು ಅಂತ ಎಲ್ಲೂ ಇಲ್ಲ, ಅಲ್ವಾ? ತಾಂಡಾದ ಒಬ್ಬ ಹುಡುಗಿ ಎದ್ದು ನಿಂತು, ತಾಂಡಾ ದಾರಿಯಲ್ಲಿ ಲೈಟ್ ಇಲ್ಲ, ಕತ್ತಲಾದ ಮೇಲೆ ಗ್ರಂಥಾಲಯದಿಂದ ಮನೆಗೆ ಹೋಗೋಕೆ ಆಗಲ್ಲ ಅಂದಳು. ಮನೆಯಲ್ಲಿ ಲಂಬಾಣಿ ಮಾತಾಡುವ ಹುಡುಗಿ, ಕನ್ನಡದಲ್ಲಿ ತಡವರಿಸಿ ಹೇಳಿದಳು. ಎರಡು ತಿಂಗಳಲ್ಲಿ ನಾಲ್ಕು ಕಂಬಕ್ಕೆ ದೀಪ ಬಂತು. ನಾನು ಎರಡು ವರ್ಷ ಅರ್ಜಿ ಬರೆದಿದ್ದೆ.

ಉಳಿದ ನಾಲ್ವರಲ್ಲಿ ಒಬ್ಬ ಗೋವಾದಲ್ಲಿದ್ದಾನೆ, ವಾಸ್ಕೊ ಹತ್ತಿರ. ಸೆಂಟ್ರಿಂಗ್ ಕೆಲಸ. ಇಂಗ್ಲಿಷ್ ಮತ್ತು ವಿಜ್ಞಾನ ಹೋಗಿವೆ. ಮೊದಲ ಆರು ತಿಂಗಳು ನಾನೇ ಫೋನ್ ಮಾಡುತ್ತಿದ್ದೆ, ‘ಹೂಂ’ ಅಂತ ಇಟ್ಟುಬಿಡುತ್ತಿದ್ದ. ಆಮೇಲೆ ಒಂದು ಭಾನುವಾರ ಅವನಿಂದಲೇ ಫೋನ್ ಬಂತು. ಸೈಟಿನಲ್ಲಿ ಇಂಜಿನಿಯರ್ ಕೈಯಲ್ಲಿ ನಕ್ಷೆ ನೋಡಿದನಂತೆ. ‘ಅಕ್ಕಾರ, ಐಟಿಐ ಮಾಡಿದ್ರ ಅದನ್ನ ಓದಾಕ ಬರತೈತೇನ್ರಿ? ಅದಕ್ಕ ಹತ್ತನೇತ್ತ ಪಾಸ್ ಬೇಕೇನ್ರಿ?’ ಅಂದ. ಕೆಲವು ಟ್ರೇಡಿಗೆ ಬೇಕೇ ಬೇಕು ಅಂದೆ. ಮುಂದಿನ ಭಾನುವಾರ ಮತ್ತೆ ಫೋನ್ ಮಾಡಿದ. ವಿಜ್ಞಾನದ ಹಳೆಯ ಪ್ರಶ್ನೆಪತ್ರಿಕೆಗಳ ಫೋಟೋ ತೆಗೆದು ವಾಟ್ಸಾಪಿಗೆ ಕಳಿಸುತ್ತಿದ್ದೇನೆ. ರಾತ್ರಿ ಹನ್ನೊಂದಕ್ಕೆ ಎರಡು ನೀಲಿ ಗೀಟು ಬೀಳುತ್ತವೆ.

ನೋಟ್‌ಬುಕ್ಕಿನಲ್ಲಿ ಅವನ ಹೆಸರಿನ ಮುಂದೆ ಇನ್ನೂ ಏನೂ ಬರೆದಿಲ್ಲ. ಹೋದ ವಾರ ಅವನ ತಾಯಿ ಬಂದು ಎರಡು ಫೋಟೋ ಕೊಟ್ಟು ಹೋದರು. ಅದೇ ಪುಟದಲ್ಲಿ ಪಿನ್ ಹಾಕಿ ಇಟ್ಟಿದ್ದೇನೆ.